ಅಗಸೆ ಎಣ್ಣೆ, ಕರಿಜೀರಿಗೆ ಎಣ್ಣೆ ಕುಡಿದರೆ ಮೆಟಬಾಲಿಕ್ ಸಿಂಡ್ರೋಮ್ ನಿಜವಾಗಿ ಕಡಿಮೆ ಆಗ್ತದಾ?

ಪೆರ್ಲದ ತೋಟದವ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆದಿದ್ದೇನೆ, ದಯವಿಟ್ಟು ಪೂರ್ತಿ ಓದಿ ಹೇಳಿ.

ನನಗೆ 46 ವರ್ಷ. ಪೆರ್ಲದ ಹತ್ತಿರ ಅಡಿಕೆ, ತೆಂಗು ಉಂಟು. ಹೋದ ತಿಂಗಳು ಕಾಸರಗೋಡು ಪೇಟೆಗೆ ಹೋಗಿದ್ದಾಗ ಹೆಂಡತಿಯ ಒತ್ತಾಯಕ್ಕೆ ರಕ್ತ ಪರೀಕ್ಷೆ ಮಾಡಿಸಿದೆ. ಬರಿ ಹೊಟ್ಟೆಯ ಶುಗರ್ 112, ಟ್ರೈಗ್ಲಿಸರೈಡ್ (ರಕ್ತದಲ್ಲಿರುವ ಕೊಬ್ಬು) 238, ಹೆಚ್‌ಡಿಎಲ್ (ಒಳ್ಳೆಯ ಕೊಲೆಸ್ಟ್ರಾಲ್) 36, ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) 148. ಬಿಪಿ 138/88. ಡಾಕ್ಟರ್ ಟೇಪ್ ತೆಗೆದು ಹೊಟ್ಟೆಯ ಸುತ್ತ ಅಳೆದರು, 98 ಸೆಂಟಿಮೀಟರ್. ಇದಕ್ಕೆ ಮೆಟಬಾಲಿಕ್ ಸಿಂಡ್ರೋಮ್ ಅಂತ ಹೆಸರು, ಒಂದೊಂದನ್ನೇ ನೋಡಿದರೆ ದೊಡ್ಡದು ಅನಿಸುವುದಿಲ್ಲ, ಎಲ್ಲ ಒಟ್ಟಿಗೆ ಇರುವುದು ಒಳ್ಳೆಯದಲ್ಲ ಅಂದರು. ಬಿಪಿಗೆ ಒಂದು ಮಾತ್ರೆ ಕೊಟ್ಟಿದ್ದಾರೆ. ಮೂರು ತಿಂಗಳು ಬಿಟ್ಟು ಮತ್ತೆ ಪರೀಕ್ಷೆ ಮಾಡಿಸಬೇಕು.

ವಿಷಯ ಗೊತ್ತಾದ ಕೂಡಲೇ ಭಾವ ಎರಡು ಬಾಟಲಿ ಕಳಿಸಿಕೊಟ್ಟರು. ಒಂದು ಅಗಸೆ ಎಣ್ಣೆ, ಇನ್ನೊಂದು ಕರಿಜೀರಿಗೆ ಎಣ್ಣೆ. ದಿನಾ ಬೆಳಿಗ್ಗೆ ಬರಿ ಹೊಟ್ಟೆಗೆ ಎರಡು ದೊಡ್ಡ ಚಮಚ ಕುಡಿದರೆ ಮೂರು ತಿಂಗಳಲ್ಲಿ ಮಾತ್ರೆಯೇ ಬೇಡ ಅಂತ ಅವರ ಮಾತು. ಪ್ರೀತಿಯಿಂದ ಕಳಿಸಿದ್ದು, ಇಲ್ಲ ಅನ್ನಲು ಮನಸ್ಸಿಲ್ಲ. ಅದೇ ವಾರ ಇನ್ನೊಬ್ಬರು ವಾಟ್ಸಾಪಿನಲ್ಲಿ ಒಂದು ವಿಡಿಯೋ ಕಳಿಸಿದರು. ಬೀಜದ ಎಣ್ಣೆ ಎಲ್ಲ ವಿಷ, ತೆಂಗಿನೆಣ್ಣೆ ಒಂದೇ ಅಮೃತ ಅಂತ ಅದರಲ್ಲಿ. ಅಮ್ಮ ಅದನ್ನು ಎರಡು ಸಲ ನೋಡಿದರು. ನಮ್ಮಲ್ಲಿ ಅಡುಗೆ ಪೂರ್ತಿ ಮನೆಯ ತೆಂಗಿನೆಣ್ಣೆಯಲ್ಲೇ. ಅಂಗಳದಲ್ಲಿ ಕೊಪ್ಪರ ಒಣಗಿಸಿ, ಮಿಲ್ಲಿಗೆ ಕೊಟ್ಟು, ಟಿನ್ ತುಂಬಿಸಿ ಇಡುವುದು ಅಮ್ಮನ ಕೆಲಸ. ಡಾಕ್ಟರ್ ತೆಂಗಿನೆಣ್ಣೆ ಕಡಿಮೆ ಮಾಡಿ ಅಂದದ್ದನ್ನು ಹೇಳಿದಾಗ ಅಮ್ಮ ಏನೂ ಮಾತಾಡಲಿಲ್ಲ, ಟಿನ್ನಿನ ಮುಚ್ಚಳ ಹಾಕಿ ಒಳಗೆ ಹೋದರು. ನನಗೆ ಆ ದಿನ ಊಟ ಸೇರಲಿಲ್ಲ.

ಹಾಗಾಗಿ ಕೇಳುವುದು: ಈ ಬೀಜದ ಎಣ್ಣೆಗಳಿಂದ ನಿಜವಾಗಿ ಗುಣ ಉಂಟಾ? ಎಷ್ಟು, ಹೇಗೆ ತೆಗೆದುಕೊಳ್ಳಬೇಕು? ನಾವು ಮೀನು ತಿನ್ನುವವರಲ್ಲ.

ಬದಿಯಡ್ಕ ಡಯಟೀಷಿಯನ್:

ಅಣ್ಣಾ, ಮೊದಲು ಒಂದು ಮಾತು. ಬಿಪಿ ಮಾತ್ರೆ ಬಿಡಬೇಡಿ. ಭಾವನವರಿಗೆ ಬೇಜಾರಾದರೂ ಪರವಾಗಿಲ್ಲ.

ಡಾಕ್ಟರ್ ನೋಡಿದ ಲೆಕ್ಕ ಹೀಗೆ. ನಮ್ಮ ದೇಶದ ಗಂಡಸರಿಗೆ ಸೊಂಟದ ಸುತ್ತಳತೆ 90 ಸೆಂಟಿಮೀಟರ್ ಅಥವಾ ಜಾಸ್ತಿ, ಹೆಂಗಸರಿಗೆ 80, ಟ್ರೈಗ್ಲಿಸರೈಡ್ 150 ಅಥವಾ ಜಾಸ್ತಿ, ಬಿಪಿ 130/85, ಬರಿ ಹೊಟ್ಟೆಯ ಶುಗರ್ 100, ಹೆಚ್‌ಡಿಎಲ್ ಗಂಡಸರಿಗೆ 40ಕ್ಕಿಂತ, ಹೆಂಗಸರಿಗೆ 50ಕ್ಕಿಂತ ಕಡಿಮೆ. ಈ ಐದರಲ್ಲಿ ಮೂರು ಇದ್ದರೆ ಮೆಟಬಾಲಿಕ್ ಸಿಂಡ್ರೋಮ್. ನಿಮಗೆ ಐದೂ ಉಂಟು. ಎಲ್‌ಡಿಎಲ್ ಈ ಪಟ್ಟಿಯಲ್ಲಿ ಇಲ್ಲ. ಆದರೆ ಹೃದಯದ ರಕ್ತನಾಳಕ್ಕೆ ಅದೇ ದೊಡ್ಡ ತೊಂದರೆ, ಹಾಗಾಗಿ ಅದನ್ನೂ ಬಿಡುವ ಹಾಗಿಲ್ಲ.

ಈಗ ಎಣ್ಣೆ. ಬೀಜದ ಎಣ್ಣೆಯಿಂದ ಗುಣ ಕಂಡ ಪರೀಕ್ಷೆಗಳು ಇವೆ, ಸುಳ್ಳಲ್ಲ. ಆದರೆ ಅವುಗಳಲ್ಲಿ ಹೆಚ್ಚಿನವು ಒಂದು ಎಣ್ಣೆಯ ಜಾಗಕ್ಕೆ ಇನ್ನೊಂದನ್ನು ಹಾಕಿ ನೋಡಿದವು. ಮೊದಲಿನ ಎಣ್ಣೆ ಹಾಗೇ ಇಟ್ಟು ಮೇಲಿಂದ ಎರಡು ಚಮಚ ಕುಡಿದರೆ ಆ ಗುಣ ಸಿಗುವುದಿಲ್ಲ. ಒಂದು ದೊಡ್ಡ ಚಮಚ ಎಣ್ಣೆ ಅಂದರೆ ಸುಮಾರು 14 ಗ್ರಾಂ, 120 ಕ್ಯಾಲರಿ ಹತ್ತಿರ. ಎರಡು ಚಮಚ ಅಂದರೆ 240. ಹೊಟ್ಟೆ 98 ಇರುವವರಿಗೆ ದಿನಾ 240 ಕ್ಯಾಲರಿ ಮೇಲಿಂದ ಸೇರಿಸುವುದು ಔಷಧ ಹೇಗಾಗ್ತದೆ ಹೇಳಿ.

ಸ್ವೀಡನ್ನಿನಲ್ಲಿ ಒಂದು ಪರೀಕ್ಷೆ ನಡೆದಿತ್ತು, 2014ರಲ್ಲಿ ಬಂತು. ನನಗೆ ತುಂಬಾ ಇಷ್ಟವಾದದ್ದು. 39 ಮಂದಿ ಎಳೆಯ ಪ್ರಾಯದವರಿಗೆ ಏಳು ವಾರ ಬೇಕಂತಲೇ ಮಫಿನ್ ಜಾಸ್ತಿ ತಿನ್ನಿಸಿದರು. ಅರ್ಧ ಜನರ ಮಫಿನ್ ತಾಳೆ ಎಣ್ಣೆಯದ್ದು, ಉಳಿದವರದ್ದು ಸೂರ್ಯಕಾಂತಿ ಎಣ್ಣೆಯದ್ದು. ತೂಕ ಎರಡೂ ಕಡೆ ಒಂದೇ ಸಮ ಏರಿತು, ಸುಮಾರು 1.6 ಕಿಲೋ. ಸ್ಕ್ಯಾನ್ ಮಾಡಿ ನೋಡಿದಾಗ ತಾಳೆ ಎಣ್ಣೆ ತಿಂದವರ ಲಿವರಿನಲ್ಲೂ ಹೊಟ್ಟೆಯ ಒಳಗೂ ಕೊಬ್ಬು ಜಾಸ್ತಿ ಸೇರಿತ್ತು. ನಿಮ್ಮ ತೊಂದರೆಯ ಬುಡ ಇರುವುದೂ ಆ ಒಳಗಿನ ಕೊಬ್ಬಿನಲ್ಲೇ. ಅದು ಸೇರಿದ ಮೇಲೆ ಇನ್ಸುಲಿನ್ ಇದ್ದರೂ ಕೆಲಸ ಸರಿ ಆಗುವುದಿಲ್ಲ, ಆಮೇಲೆ ಶುಗರ್, ಟ್ರೈಗ್ಲಿಸರೈಡ್, ಬಿಪಿ ಒಂದರ ಹಿಂದೆ ಒಂದು ಏರುತ್ತವೆ. ಹಾಗಾಗಿ ಎಣ್ಣೆಯ ಜಾತಿ ಲೆಕ್ಕಕ್ಕೆ ಬರುತ್ತದೆ, ಪ್ರಮಾಣವೂ ಬರುತ್ತದೆ. ಸೂರ್ಯಕಾಂತಿ ಎಣ್ಣೆ ತಿಂದವರ ತೂಕವೂ ಏರಿತು ಅನ್ನುವುದನ್ನು ಮರೆಯಬಾರದು.

ಇನ್ನು ಅಮ್ಮನ ತೆಂಗಿನೆಣ್ಣೆ. ಅದರಲ್ಲಿ ನೂರಕ್ಕೆ ಹತ್ತಿರ ಹತ್ತಿರ 90 ಪಾಲು ಸ್ಯಾಚುರೇಟೆಡ್ ಕೊಬ್ಬು, ಅಂದರೆ ಎಲ್‌ಡಿಎಲ್ ಏರಿಸುವ ಜಾತಿಯದ್ದು. 2020ರಲ್ಲಿ 16 ಪರೀಕ್ಷೆಗಳನ್ನು ಒಟ್ಟು ಸೇರಿಸಿ ನೋಡಿದಾಗ, ಸೂರ್ಯಕಾಂತಿ, ಸೋಯಾ ತರಹದ ಎಣ್ಣೆಗಳಿಗೆ ಹೋಲಿಸಿದರೆ ತೆಂಗಿನೆಣ್ಣೆ ಎಲ್‌ಡಿಎಲ್ ಅನ್ನು ಸುಮಾರು 10 ಅಂಕದಷ್ಟು ಏರಿಸಿತ್ತು, ಹೆಚ್‌ಡಿಎಲ್ ಅನ್ನು 4 ಅಂಕದಷ್ಟು. ಟ್ರೈಗ್ಲಿಸರೈಡಿಗೆ, ಶುಗರಿಗೆ, ಸೊಂಟಕ್ಕೆ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಹಾಗಾದರೆ ನಿಮ್ಮ 238ಕ್ಕೆ ಅಮ್ಮನ ಟಿನ್ ಕಾರಣ ಅಂತ ಹೇಳಲು ಬರುವುದಿಲ್ಲ. 148 ಎಲ್‌ಡಿಎಲ್‌ನಲ್ಲಿ ಮಾತ್ರ ಅದರ ಪಾಲು ಇರಬಹುದು. ಟ್ರೈಗ್ಲಿಸರೈಡ್ ಏರಿಸುವುದು ಹೆಚ್ಚಾಗಿ ಸಕ್ಕರೆ, ಬೆಳ್ತಿಗೆ ಅನ್ನ, ಮೈದಾ, ಕುಡಿತ ಮತ್ತು ಒಟ್ಟಾರೆ ಜಾಸ್ತಿ ಊಟ. ದಿನಕ್ಕೆ ಎಷ್ಟು ಚಾ ಕುಡಿಯುತ್ತೀರಿ? ಸಂಜೆ ಬೇಕರಿ ತಿಂಡಿ ಉಂಟಾ? ಮನೆಯಲ್ಲಿ ಎಷ್ಟು ಜನ, ತಿಂಗಳಿಗೆ ಎಷ್ಟು ಲೀಟರ್ ಎಣ್ಣೆ ಮುಗಿಯುತ್ತದೆ? ಅದು ಗೊತ್ತಾದರೆ ಸರಿಯಾಗಿ ಹೇಳಬಹುದು.

ಅಕ್ಕಲಕೋಟದ ರೈತ:

ಅಣ್ಣಾವ್ರೇ, ನಾನು ಸೊಲ್ಲಾಪುರ ಜಿಲ್ಲೆಯವನು. ನಮ್ಮ ಹೊಲದಲ್ಲಿ ಹಿಂಗಾರಿಗೆ ಕುಸುಬಿ, ಬದುವಿಗೆ ಅಗಸಿ ಹಾಕುತ್ತೇವೆ. ಮರಾಠಿಯವರು ಕುಸುಬಿಗೆ ಕರಡಈ ಅಂತಾರೆ, ಅಗಸಿಗೆ ಜವಸ. ಕುಸುಬಿ ಕೊಯ್ಯುವಾಗ ಮುಳ್ಳು ಚುಚ್ಚುತ್ತವೆ ಅಂತ ಕೈಗೆ ಬಟ್ಟೆ ಸುತ್ತಿಕೊಂಡು ಹೋಗಬೇಕು. ಹಾಗಾಗಿ ಕೂಲಿಯವರು ಸಿಗುವುದಿಲ್ಲ, ಬಿತ್ತುವವರೂ ಕಡಿಮೆ ಆಗಿದ್ದಾರೆ. ನಾವು ಮನೆಗೆ ಬೇಕಾದಷ್ಟು ಬಿತ್ತುವುದನ್ನು ಬಿಟ್ಟಿಲ್ಲ.

ಬೀಜದ ಎಣ್ಣೆ ವಿಷ ಅನ್ನುವ ವಿಡಿಯೋ ನಾನೂ ನೋಡಿದೆ. ಹೊಟ್ಟೆ ಉರಿಯಿತು. ಅದಕ್ಕೇ ನನ್ನ ಮಗಳ ಹತ್ತಿರ ಕೂತು ಕೇಳಿದೆ, ಅವಳು ಫಾರ್ಮಸಿ ಓದುತ್ತಿದ್ದಾಳೆ. ಅವಳು ಎರಡೂ ಕಡೆಯದ್ದು ಹೇಳಿದಳು. ಅಮೆರಿಕದ ಓಹಾಯೋದಲ್ಲಿ ಶುಗರ್ ಇರುವ, ಮುಟ್ಟು ನಿಂತ, ದಪ್ಪ ಇರುವ ಹೆಂಗಸರಿಗೆ ದಿನಕ್ಕೆ 8 ಗ್ರಾಂ ಕುಸುಬಿ ಎಣ್ಣೆ 16 ವಾರ ಕೊಟ್ಟರಂತೆ. ಹೊಟ್ಟೆ ಭಾಗದ ಕೊಬ್ಬು ಸ್ವಲ್ಪ ಇಳಿಯಿತು, ಹೆಚ್‌ಡಿಎಲ್ ಏರಿತು, ಮೂರು ತಿಂಗಳ ಶುಗರ್ ಲೆಕ್ಕವೂ ಸ್ವಲ್ಪ ಇಳಿಯಿತು. 8 ಗ್ರಾಂ ಅಂದರೆ ಎರಡು ಸಣ್ಣ ಚಮಚವೂ ಪೂರ್ತಿ ಇಲ್ಲ. ಕೇಳಿ ನನಗೆ ಖುಷಿಯಾಯಿತು. ಆಮೇಲೆ ಇನ್ನೊಂದು ಹೇಳಿದಳು. ಆಸ್ಟ್ರೇಲಿಯಾದ ಸಿಡ್ನಿಯಲ್ಲಿ 1966ರಿಂದ 1973ರವರೆಗೆ ಹೃದಯದ ತೊಂದರೆ ಆದ 458 ಗಂಡಸರ ಮೇಲೆ ಪರೀಕ್ಷೆ ನಡೆದಿತ್ತು. ಒಂದು ಗುಂಪಿಗೆ ಬೆಣ್ಣೆ, ಪ್ರಾಣಿ ಕೊಬ್ಬು ಬಿಡಿಸಿ ಕುಸುಬಿ ಎಣ್ಣೆ ಮತ್ತು ಅದರ ಮಾರ್ಗರೀನ್ ಕೊಟ್ಟರು. ಕೊಲೆಸ್ಟ್ರಾಲ್ ಇಳಿಯಿತು, ಸತ್ತವರು ಮಾತ್ರ ಆ ಗುಂಪಿನಲ್ಲೇ ಜಾಸ್ತಿ. ಹಳೆಯ ಲೆಕ್ಕ ಮತ್ತೆ ತೆಗೆದು 2013ರಲ್ಲಿ ಇದನ್ನು ಬರೆದರು. ಆ ವಿಡಿಯೋದವರು ಹಿಡಿದುಕೊಂಡದ್ದು ಇಂಥದ್ದನ್ನೇ.

ನಮ್ಮ ಕುಸುಬಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಒಮೆಗಾ-6 ಅನ್ನುವ ಜಾತಿಯ ಕೊಬ್ಬು. ಅಗಸಿಯಲ್ಲಿ ಇರುವ ಒಮೆಗಾ-3 ಅದರಲ್ಲಿ ಇಲ್ಲವೇ ಇಲ್ಲ ಅನ್ನಬಹುದು. ನಮ್ಮ ಹಿರಿಯರು ಕುಸುಬಿ ಎಣ್ಣೆ ಒಗ್ಗರಣೆಗೆ ಹಾಕಿ, ಪಕ್ಕದಲ್ಲಿ ಅಗಸಿ ಹಿಂಡಿ (ನಮ್ಮಲ್ಲಿ ಹಿಂಡಿ ಅಂದರೆ ಚಟ್ನಿಪುಡಿ), ಗುರೆಳ್ಳು ಹಿಂಡಿ, ಶೇಂಗಾ ಹಿಂಡಿ ಇಟ್ಟುಕೊಂಡು ಜೋಳದ ರೊಟ್ಟಿ ತಿನ್ನುತ್ತಿದ್ದರು. ಯಾರೂ ಬಾಟಲಿ ಎತ್ತಿ ಎಣ್ಣೆ ಕುಡಿದದ್ದು ನಾನು ನೋಡಿಲ್ಲ.

ನೀವು ಅಗಸೆ ಎಣ್ಣೆ ಬದಲು ಅಗಸೆ ಕಾಳು ತಿನ್ನಿ ಅಂತ ನನ್ನ ಕೋರಿಕೆ.

ಹೊಸೂರು ಗಾಣ:

ನಮ್ಮದು ಹೊಸೂರಿನಲ್ಲಿ ಮರದ ಗಾಣ. ಎಳ್ಳೆಣ್ಣೆಗೆ ನಾವು ಮನೆಯಲ್ಲಿ ಒಳ್ಳೆಣ್ಣೆ ಅಂತಲೇ ಅನ್ನುವುದು, ತಮಿಳಿನವರ ನಲ್ಲೆಣ್ಣೆಯೂ ಅದೇ. ಅರೆಯುವಾಗ ಎಳ್ಳಿಗೆ ಸ್ವಲ್ಪ ತಾಟಿಬೆಲ್ಲ ಹಾಕುತ್ತೇವೆ, ಆಗ ಎಣ್ಣೆ ಚೆನ್ನಾಗಿ ಬಿಡುತ್ತದೆ.

ತಮಿಳುನಾಡಿನ ಅಣ್ಣಾಮಲೈ ವಿಶ್ವವಿದ್ಯಾಲಯದವರು ನಿಫೆಡಿಪಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದ ಬಿಪಿ ರೋಗಿಗಳಿಗೆ ಕೆಲವು ವಾರ ಅಡುಗೆಗೆ ಎಳ್ಳೆಣ್ಣೆ ಒಂದನ್ನೇ ಬಳಸಲು ಕೊಟ್ಟು ನೋಡಿದ್ದಾರೆ. ಬಿಪಿ ಇನ್ನೂ ಚೆನ್ನಾಗಿ ಹತೋಟಿಗೆ ಬಂತು. ಮಾತ್ರೆ ಜೊತೆಗೇ ಇತ್ತು, ಗಮನಿಸಿ. ಎಳ್ಳಿನಲ್ಲಿ ಸೆಸಮಿನ್ ಅಂತ ಒಂದು ವಸ್ತು ಇದೆ, ಎಣ್ಣೆ ಬೇಗ ಹಳಸದೆ ಇರುವುದಕ್ಕೂ ಈ ಜಾತಿಯ ವಸ್ತುಗಳೇ ಸಹಾಯ ಮಾಡುತ್ತವೆ.

ನಾನು ಎಣ್ಣೆ ಮಾರಿ ಬದುಕುವವನು, ಆದರೂ ಹೇಳುತ್ತೇನೆ. ಗಾಣದ ಎಣ್ಣೆಗೂ ರಿಫೈಂಡ್ ಎಣ್ಣೆಗೂ ಕ್ಯಾಲರಿ ಒಂದೇ. ಗಾಣದ್ದು ಅಂತ ಜಾಸ್ತಿ ಸುರಿಯಬೇಡಿ. ಮತ್ತೆ ಒಂದು ಲೀಟರ್ ಎಳ್ಳೆಣ್ಣೆಗೆ ಎರಡೂವರೆ ಕಿಲೋ ಹತ್ತಿರ ಎಳ್ಳು ಹೋಗುತ್ತದೆ. ಅಷ್ಟು ಎಳ್ಳಿನ ಬೆಲೆಗಿಂತ ಕಡಿಮೆಗೆ ಎಣ್ಣೆ ಕೊಡುತ್ತೇನೆ ಅಂದರೆ ತೆಗೆದುಕೊಳ್ಳಬೇಡಿ.

ಪೆರ್ಲದ ತೋಟದವ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಕ್ಕಾ, ನೀವು ಕೇಳಿದ್ದಕ್ಕೆ ಉತ್ತರ. ಮನೆಯಲ್ಲಿ ನಾಲ್ಕು ಜನ. ತಿಂಗಳಿಗೆ 5 ಲೀಟರ್ ಎಣ್ಣೆ. ಮಳೆಗಾಲದಲ್ಲಿ ಹಲಸಿನ ಹಪ್ಪಳ ಕಾಯಿಸುವುದು ಜಾಸ್ತಿ, ಆಗ ಇನ್ನೂ ಹೆಚ್ಚು. ಚಾ ದಿನಕ್ಕೆ ಐದು, ಪ್ರತಿ ಚಾಕ್ಕೆ ಎರಡು ಚಮಚ ಸಕ್ಕರೆ. ಸಂಜೆ ಪೇಟೆಗೆ ಹೋದರೆ ಗೋಳಿಬಜೆ ಇಲ್ಲವೇ ಪಫ್ಸ್. ಕುಡಿತ ಇಲ್ಲ.

ಬದಿಯಡ್ಕ ಡಯಟೀಷಿಯನ್:

ಲೆಕ್ಕ ಹಾಕಿ ನೋಡೋಣ. ಒಂದು ಲೀಟರ್ ಎಣ್ಣೆ ಸುಮಾರು 920 ಗ್ರಾಂ. 5 ಲೀಟರ್ 4600 ಗ್ರಾಂ. ನಾಲ್ಕು ಜನ, 30 ದಿನ. ಒಬ್ಬರಿಗೆ ದಿನಕ್ಕೆ 38 ಗ್ರಾಂ, ಹತ್ತಿರ ಹತ್ತಿರ 345 ಕ್ಯಾಲರಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು 2000 ಕ್ಯಾಲರಿಯ ಊಟಕ್ಕೆ ಎಣ್ಣೆ, ತುಪ್ಪ ಎಲ್ಲ ಸೇರಿ 27 ಗ್ರಾಂ ಹೇಳುತ್ತಾರೆ. ನಿಮ್ಮಲ್ಲಿ ಇದರ ಮೇಲೆ ಮೇಲೋಗರಕ್ಕೆ, ಪಲ್ಯಕ್ಕೆ ತುರಿದು ಹಾಕುವ ತೆಂಗಿನಕಾಯಿ ಬೇರೆ ಉಂಟಲ್ಲ, ಮತ್ತೆ ಪೇಟೆಯ ಗೋಳಿಬಜೆ.

ಸಕ್ಕರೆ ಹತ್ತು ಚಮಚ ಅಂದರೆ 40-50 ಗ್ರಾಂ. ಟ್ರೈಗ್ಲಿಸರೈಡಿಗೆ ಇದನ್ನೇ ಮೊದಲು ಹಿಡಿಯಬೇಕು.

ನನ್ನ ಸಲಹೆ ಇದು. ತಿಂಗಳಿಗೆ 3 ಲೀಟರಿಗೆ ಇಳಿಸಿ. ಅದರಲ್ಲಿ ಒಂದು ಲೀಟರ್ ಅಮ್ಮನ ತೆಂಗಿನೆಣ್ಣೆಯೇ ಇರಲಿ. ಒಗ್ಗರಣೆಗೆ, ಪಲ್ಯ ಇಳಿಸುವಾಗ ಮೇಲಿಂದ ಹಾಕುವ ಆ ಒಂದು ಚಮಚಕ್ಕೆ, ಅದನ್ನು ಬಿಡಿಸಬೇಡಿ. ಉಳಿದ ಎರಡು ಲೀಟರ್ ಎಳ್ಳೆಣ್ಣೆಯೋ ಶೇಂಗಾ ಎಣ್ಣೆಯೋ, ದೋಸೆಗೆ, ಬೇರೆ ಅಡುಗೆಗೆ. ಎಣ್ಣೆ ಟಿನ್ನಿನಿಂದ ಸೌಟಿನಲ್ಲಿ ತೆಗೆಯುವ ಬದಲು, ದಿನದ ಎಣ್ಣೆ ಬೆಳಿಗ್ಗೆಯೇ ಒಂದು ಗಿಂಡಿಗೆ ಅಳೆದು ಇಡಲು ಅಮ್ಮನ ಹತ್ತಿರವೇ ಕೇಳಿ. ಅವರ ಎಣ್ಣೆಯನ್ನು ಮನೆಯಿಂದ ಹೊರಗೆ ಹಾಕುತ್ತಿಲ್ಲ ಅಂತ ಅವರಿಗೆ ಗೊತ್ತಾಗಲಿ.

ಅಗಸೆಯ ವಿಷಯದಲ್ಲಿ ಅಕ್ಕಲಕೋಟದ ಅಣ್ಣ ಹೇಳಿದ್ದು ಸರಿ. ಅಗಸೆ ಎಣ್ಣೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಒಮೆಗಾ-3, ಅದು ಒಳ್ಳೆಯದೇ, ಮೀನು ತಿನ್ನದವರಿಗೆ ಇನ್ನೂ ಬೇಕು. ಆದರೆ ಎಣ್ಣೆ ತೆಗೆದ ಮೇಲೆ ನಾರು ಹಿಂಡಿಯಲ್ಲಿ ಉಳಿಯುತ್ತದೆ, ಲಿಗ್ನಾನ್ ಅನ್ನುವ ವಸ್ತುವೂ ಅಲ್ಲೇ ಉಳಿಯುತ್ತದೆ. ಕೆನಡಾದಲ್ಲಿ ಕಾಲಿನ ರಕ್ತನಾಳ ಕಟ್ಟಿದ 110 ರೋಗಿಗಳ ಮೇಲೆ ನಡೆದ ಪರೀಕ್ಷೆ 2013ರಲ್ಲಿ ಬಂತು. ದಿನಕ್ಕೆ 30 ಗ್ರಾಂ ಅಗಸೆ ಪುಡಿ ಆರು ತಿಂಗಳು ತಿಂದವರ ಬಿಪಿಯ ಮೇಲಿನ ಅಂಕೆ, ತಿನ್ನದವರಿಗೆ ಹೋಲಿಸಿದರೆ 10 ಅಂಕದಷ್ಟು ಕಡಿಮೆ ಇತ್ತು. ಅವರು ಕೊಟ್ಟದ್ದು ಪುಡಿ, ಎಣ್ಣೆ ಅಲ್ಲ. 30 ಗ್ರಾಂ ಕಾಳಿನಲ್ಲಿ 12 ಗ್ರಾಂ ಹತ್ತಿರ ಎಣ್ಣೆ ಇರುತ್ತದೆ, ಅದರಲ್ಲಿ 6 ಗ್ರಾಂ ಒಮೆಗಾ-3. ಗಂಡಸಿಗೆ ದಿನಕ್ಕೆ ಬೇಕಾದದ್ದು 1.6 ಗ್ರಾಂ. ನೀವು ಒಂದು ದೊಡ್ಡ ಚಮಚ ಪುಡಿಯಿಂದ ಶುರು ಮಾಡಿ, ಒಮ್ಮೆಲೇ 30 ಗ್ರಾಂ ತಿಂದರೆ ಹೊಟ್ಟೆ ಉಬ್ಬರಿಸುತ್ತದೆ. ನೀರು ಚೆನ್ನಾಗಿ ಕುಡಿಯಿರಿ. ಮಾತ್ರೆ ತಿನ್ನುವ ಹೊತ್ತಿಗೇ ಅಗಸೆ ತಿನ್ನಬೇಡಿ, ಒಂದೆರಡು ಗಂಟೆ ಅಂತರ ಇರಲಿ, ಅದರ ಲೋಳೆ ಮಾತ್ರೆಯನ್ನು ಹಿಡಿದಿಟ್ಟುಕೊಳ್ಳಬಹುದು.

ಬಂದಿರುವ ಅಗಸೆ ಎಣ್ಣೆ ಎಸೆಯಬೇಡಿ. ಫ್ರಿಜ್ಜಿನಲ್ಲಿಟ್ಟು ದಿನಕ್ಕೊಂದು ಸಣ್ಣ ಚಮಚ ಮಜ್ಜಿಗೆಗೋ ಕೋಸಂಬರಿಗೋ ಹಾಕಿ ಮುಗಿಸಿ. ಬಾಣಲೆಗೆ ಮಾತ್ರ ಹಾಕಬೇಡಿ, ಬಿಸಿ ತಡೆಯುವ ಎಣ್ಣೆ ಅಲ್ಲ ಅದು.

ಕುಂಬಳೆ ಮೆಡಿಕಲ್:

ಕರಿಜೀರಿಗೆಯ ಬಗ್ಗೆ ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ. ನಮ್ಮ ಅಂಗಡಿಯಲ್ಲಿ ದಿನಾ ಕೇಳುತ್ತಾರೆ. ಮಲಯಾಳದಲ್ಲಿ ಕರಿಂಜೀರಕಂ, ಹಿಂದಿಯಲ್ಲಿ ಕಲೋಂಜಿ. ನಮ್ಮ ಬ್ಯಾರಿ ಮನೆಗಳಲ್ಲಿ ತಲೆತಲಾಂತರದಿಂದ ಬಳಸುತ್ತಾ ಬಂದದ್ದು. ಅದರ ಎಣ್ಣೆಯಲ್ಲಿ ಥೈಮೋಕ್ವಿನೋನ್ ಅನ್ನುವ ವಸ್ತು ಇದೆ. ದಿನಕ್ಕೆ 1ರಿಂದ 3 ಗ್ರಾಂ ಕೊಟ್ಟು ಮಾಡಿದ ಪರೀಕ್ಷೆಗಳಲ್ಲಿ ಶುಗರ್, ಎಲ್‌ಡಿಎಲ್ ಸ್ವಲ್ಪ ಇಳಿದದ್ದು ಕಂಡಿದೆ. ಹೆಚ್ಚಿನವು ಸಣ್ಣ ಸಣ್ಣ ಪರೀಕ್ಷೆಗಳು, ಕೆಲವೇ ವಾರದವು. ಹಾಗಾಗಿ ಇದನ್ನು ನಂಬಿ ಮಾತ್ರೆ ನಿಲ್ಲಿಸಬೇಡಿ. 3 ಗ್ರಾಂ ಅಂದರೆ ಸಣ್ಣ ಚಮಚವೂ ತುಂಬುವುದಿಲ್ಲ, ನಿಮ್ಮ ಭಾವ ಹೇಳಿದ ಎರಡು ದೊಡ್ಡ ಚಮಚ ತುಂಬಾ ಜಾಸ್ತಿ ಆಯಿತು. ಬಿಪಿ ಮಾತ್ರೆ, ಶುಗರ್ ಮಾತ್ರೆ, ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರ್ ಹತ್ತಿರ ಹೇಳಿಯೇ ಶುರು ಮಾಡಬೇಕು, ಎರಡೂ ಸೇರಿ ಇಳಿತ ಹೆಚ್ಚಾಗಬಹುದು.

ಬೀಜವೇ ತರುವುದಾದರೆ ನೋಡಿ ತನ್ನಿ. ಕಾಡುಜೀರಿಗೆ ಬೇರೆ, ಅದು ವಿಪರೀತ ಕಹಿ, ಹುಳದ ಮದ್ದಿಗೆ ಬಳಸುವುದು. ಹೆಸರು ಹತ್ತಿರ ಇರುವುದರಿಂದ ಅಂಗಡಿಯಲ್ಲಿ ಅದಲು ಬದಲು ಆಗುತ್ತದೆ.

ಪೆರ್ಲದ ತೋಟದವ:

ಮೂರು ತಿಂಗಳ ಮೇಲೆ ಬರೆಯುತ್ತಿದ್ದೇನೆ. ನೀವೆಲ್ಲ ಅಷ್ಟು ಕಾಳಜಿಯಿಂದ ಹೇಳಿದ್ದೀರಿ, ತಿಳಿಸದೆ ಇರುವುದು ಸರಿಯಲ್ಲ.

ನಿನ್ನೆಯ ರಿಪೋರ್ಟ್: ಶುಗರ್ 104, ಟ್ರೈಗ್ಲಿಸರೈಡ್ 171, ಎಲ್‌ಡಿಎಲ್ 126, ಹೆಚ್‌ಡಿಎಲ್ 37. ಬಿಪಿ ಮಾತ್ರೆಯ ಜೊತೆ 126/80. ಹೊಟ್ಟೆ 94. ತೂಕ ನಾಲ್ಕು ಕಿಲೋ ಇಳಿಯಿತು. ಚಾ ಎರಡಕ್ಕೆ ಬಂತು, ಸಕ್ಕರೆ ಅರ್ಧ ಚಮಚ. ತೋಟಕ್ಕೆ ಬೈಕ್ ಬಿಟ್ಟು ನಡೆದು ಹೋಗುತ್ತೇನೆ, ಗುಡ್ಡ ಹತ್ತಿ ಇಳಿದರೆ ಮುಕ್ಕಾಲು ಗಂಟೆ. ಎಳ್ಳೆಣ್ಣೆಯಿಂದ ಎಷ್ಟು ಇಳಿಯಿತು, ಸಕ್ಕರೆ ಬಿಟ್ಟದ್ದರಿಂದ ಎಷ್ಟು, ನಡಿಗೆಯಿಂದ ಎಷ್ಟು ಅಂತ ಕೇಳಿದರೆ ನನಗೆ ಹೇಳಲು ಬರುವುದಿಲ್ಲ. ಕರಿಜೀರಿಗೆ ಎಣ್ಣೆ ಡಾಕ್ಟರಿಗೆ ತೋರಿಸಿದೆ, ಸದ್ಯ ಬೇಡ ಅಂದರು. ಭಾವನಿಗೆ ಫೋನಿನಲ್ಲಿ ಎಲ್ಲ ಬಿಡಿಸಿ ಹೇಳಿದೆ, ಈಗ ಅವರೂ ಪುಡಿಯನ್ನೇ ತಿನ್ನುತ್ತಾರೆ.

ಗಿಂಡಿಯ ಉಪಾಯ ಅಮ್ಮನಿಗೆ ತುಂಬಾ ಹಿಡಿಸಿತು. ಬೆಳಿಗ್ಗೆ ಎದ್ದು ಮೊದಲು ಎರಡು ಗಿಂಡಿಗೆ ಎಣ್ಣೆ ಅಳೆದು ಒಲೆಯ ಪಕ್ಕ ಇಡುತ್ತಾರೆ, ಒಂದು ತೆಂಗಿನದ್ದು, ಒಂದು ಎಳ್ಳಿನದ್ದು. ರಾತ್ರಿ ಅಡುಗೆ ಮುಗಿದ ಮೇಲೆ ಗಿಂಡಿಯಲ್ಲಿ ಉಳಿದದ್ದನ್ನು ನನಗೆ ತೋರಿಸುತ್ತಾರೆ.

ಅಕ್ಕಲಕೋಟದ ಅಣ್ಣಾ, ಒಂದು ಪ್ರಶ್ನೆ. ಅಗಸೆ ಪುಡಿ ಒಂದು ತಿಂಗಳದ್ದು ಒಟ್ಟಿಗೆ ಮಾಡಿ ಡಬ್ಬಿಯಲ್ಲಿಟ್ಟೆವು. ಈಗ ಪೇಂಟಿನ ತರಹ ವಾಸನೆ ಬರುತ್ತಾ ಉಂಟು. ಹಾಳಾಯಿತಾ?

ಅಕ್ಕಲಕೋಟದ ರೈತ:

ಹೌದು, ಹಾಳಾಗಿದೆ, ತಿನ್ನಬೇಡಿ. ಅಗಸಿ ಎಣ್ಣೆ ಗಾಳಿಗೆ ಒಣಗುವ ಜಾತಿ, ಅದಕ್ಕೇ ಹಿಂದೆ ಪೇಂಟಿಗೆ, ಮರದ ಬಾಗಿಲಿಗೆ ಹಚ್ಚಲು ಬಳಸುತ್ತಿದ್ದರು. ನಿಮ್ಮ ಕಡೆ ಮಳೆ, ತೇವ ಜಾಸ್ತಿ, ಬೇಗ ಕೆಡುತ್ತದೆ. ಕಾಳು ಹಾಗೇ ಇಟ್ಟರೆ ತಿಂಗಳುಗಟ್ಟಲೆ ಇರುತ್ತದೆ, ಪುಡಿ ಮಾತ್ರ ವಾರಕ್ಕೆ ಆಗುವಷ್ಟೇ ಮಾಡಿ ಫ್ರಿಜ್ಜಿನಲ್ಲಿಡಿ. ಇಡೀ ಕಾಳು ನುಂಗಿದರೆ ಹಾಗೇ ಹೊರಗೆ ಹೋಗುತ್ತದೆ, ಪುಡಿ ಆಗಲೇಬೇಕು.

ನಮ್ಮ ಮನೆಯಲ್ಲಿ ಹೀಗೆ ಮಾಡುತ್ತಾರೆ. ಸಣ್ಣ ಉರಿಯಲ್ಲಿ ಬಾಣಲೆಗೆ ಕಾಳು ಹಾಕಿ ಕೈಯಾಡಿಸುತ್ತಾ ಇರಬೇಕು, ಚಟಪಟ ಅಂತ ಸಿಡಿಯಲು ಶುರುವಾದ ಕೂಡಲೇ ಇಳಿಸಬೇಕು, ಕಪ್ಪಾಗಬಾರದು. ಆರಿದ ಮೇಲೆ ಒಣಮೆಣಸಿನಕಾಯಿ, ಜೀರಿಗೆ, ನಾಲ್ಕು ಎಸಳು ಬೆಳ್ಳುಳ್ಳಿ, ಉಪ್ಪು ಹಾಕಿ ಕುಟ್ಟಬೇಕು. ಬಿಪಿ ಇದೆ, ಉಪ್ಪು ಕಡಿಮೆ ಹಾಕಿ. ರೊಟ್ಟಿ ನಿಮ್ಮಲ್ಲಿ ಇಲ್ಲ ಅಂದರೆ ಕುಚ್ಚಲಕ್ಕಿ ಗಂಜಿಯ ಜೊತೆ ಹಾಕಿಕೊಂಡು ನೋಡಿ. ಬೆಳ್ಳುಳ್ಳಿ ತಿನ್ನದ ಮನೆಯಾದರೆ ಹುಣಸೆಹಣ್ಣು ಚೂರು ಹಾಕಿದರೂ ನಡೆಯುತ್ತದೆ.